ಯಾವ ಮುಖ ಹೊತ್ತು ಮತ್ತೆ ಹೋಗಲಿ?

ಪತ್ರ (ಸಂಕ್ಷಿಪ್ತ): ಎಚ್‌ಐವಿಗೆ ಸರಕಾರವೇ ಉಚಿತವಾಗಿ ಮಾತ್ರೆ ಕೊಡುವಾಗ ನಡುವೆ ಬಿಡುವವರದು ಬರೀ ಉದಾಸೀನ ಎಂದು ಕಳೆದ ಸಂಚಿಕೆಯಲ್ಲಿ ಬರೆದಿರಿ. ನಾನು ಫೋರ್ಟ್‌ನ ಹೋಟೆಲೊಂದರಲ್ಲಿ ದುಡಿಯುವವನು. ಆರು ವರ್ಷ ತಪ್ಪದೆ ಮಾತ್ರೆ ನುಂಗಿದ್ದೇನೆ. ಮನೆಯ ದೈವದ ಕೋಲಕ್ಕೆಂದು ಊರಿಗೆ ಹೋದಾಗ ಮಾತ್ರೆ ಮುಗಿಯಿತು. ಮರಳಿದ ಮೇಲೆ ರಜೆ ಸಿಗಲಿಲ್ಲ. ಎರಡು ತಿಂಗಳಾಯಿತು. ಹಿಂದೆ ನಾಲ್ಕು ದಿನ ತಡವಾದದ್ದಕ್ಕೇ ಮಾತ್ರೆ ಕೊಡುವ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ಎಲ್ಲರೆದುರು ಬೈಸಿಕೊಂಡವನು ನಾನು. ಈಗ ಯಾವ ಮುಖ ಹೊತ್ತು ಹೋಗಲಿ? (ಹೆಸರು ಬೇಡ, ಮುಂಬೈ)

ಉತ್ತರ: ಮೊದಲು ನಮ್ಮ ತಪ್ಪು. ‘ಉದಾಸೀನ’ ಎಂಬ ಆ ಪದ ನನ್ನ ಕಣ್ಣೆದುರೇ ಅಚ್ಚಿಗೆ ಹೋಯಿತು, ನಾನು ತಡೆಯಲಿಲ್ಲ. ಅದನ್ನು ಹಿಂತೆಗೆದುಕೊಳ್ಳುತ್ತೇನೆ, ಕ್ಷಮೆ ಕೇಳುತ್ತೇನೆ. ಬಿಲ್ ಪುಸ್ತಕದ ಹಾಳೆಗಳ ಹಿಂಬದಿಯಲ್ಲಿ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಎಂಟು ಮಂದಿ ಮಲಗುವ ಕೋಣೆಯಲ್ಲಿ ಡಬ್ಬಿ ಅಲುಗಿ ಸದ್ದಾಗಬಾರದೆಂದು ಒಳಗೆ ಹತ್ತಿ ತುರುಕಿಟ್ಟಿದ್ದೀರಿ. ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಮೋರಿಯ ಬಳಿ ಕೈ ತೊಳೆಯುವ ನೆಪದಲ್ಲಿ ನಿಂತು, ಗೋಡೆಗೆ ಮುಖ ಮಾಡಿ ನುಂಗಿದ್ದೀರಿ. ಆರು ವರ್ಷವೆಂದರೆ ಅಂಥ ಎರಡು ಸಾವಿರಕ್ಕೂ ಮಿಕ್ಕ ರಾತ್ರಿಗಳು. ಇದಕ್ಕೆ ಉದಾಸೀನ ಎನ್ನಲು ನಾಲಿಗೆ ಏಳುವುದಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಹೋಗಿ. ಈ ವಾರವೇ ಹೋಗಿ.

ಮೈ ಹಗುರವಾಗಿದೆ, ಏನೂ ಆಗಿಲ್ಲ ಎಂದಿದ್ದೀರಿ. ಅದನ್ನು ನಂಬಬೇಡಿ. ಮಾತ್ರೆ ಈ ವೈರಸ್ಸನ್ನು ಮೈಯಿಂದ ಓಡಿಸುವುದಿಲ್ಲ, ಬೆಳೆಯದಂತೆ ಕಟ್ಟಿಹಾಕುತ್ತದೆ. ಅಡಗಿ ಕುಳಿತದ್ದು ಮಾತ್ರೆ ನಿಂತ ಕೆಲವೇ ವಾರಗಳಲ್ಲಿ ಹೆಚ್ಚಿನವರ ರಕ್ತದಲ್ಲಿ ಮತ್ತೆ ತಲೆಯೆತ್ತುತ್ತದೆ, ಜ್ವರವಿಲ್ಲದೆ, ನೋವಿಲ್ಲದೆ. ನಿಮಗೆ ಹೆಪಟೈಟಿಸ್ ಬಿ ಕೂಡ ಇದ್ದರೆ ಯಕೃತ್ತಿಗೂ ಅಪಾಯ, ಏಕೆಂದರೆ ಅದನ್ನೂ ಇದೇ ಮಾತ್ರೆ ಹಿಡಿದಿಟ್ಟಿರುತ್ತದೆ. ಆದರೆ ಬಾಗಿಲು ಮುಚ್ಚಿಲ್ಲ. ಈಗ ಹೆಚ್ಚಿನವರಿಗೆ ಕೊಡುವ ಮಾತ್ರೆಯಲ್ಲಿ ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿವೆ. ಡೊಲುಟೆಗ್ರಾವಿರ್ ಗಟ್ಟಿ ಔಷಧ, ವೈರಸ್ ಅದಕ್ಕೆ ಸುಲಭದಲ್ಲಿ ಒಗ್ಗಿಕೊಳ್ಳುವುದಿಲ್ಲ. ಬಿಟ್ಟು ಬಂದವರಿಗೆ ಸಾಮಾನ್ಯವಾಗಿ ಅದನ್ನೇ ಮತ್ತೆ ಆರಂಭಿಸುತ್ತಾರೆ. ಕ್ಷಯದ ಲಕ್ಷಣ ಕೇಳುತ್ತಾರೆ, ರಕ್ತ ನೋಡುತ್ತಾರೆ, ಕೆಲವು ತಿಂಗಳ ಬಳಿಕ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆಯೆಂದು ಎಣಿಸುತ್ತಾರೆ. ಎಷ್ಟು ದಿನ ತಪ್ಪಿತೆಂದು ಅಲ್ಲಿ ನಿಜ ಹೇಳಿ.

ಹೆಂಡತಿಯ ಬಗ್ಗೆ ಅಳುಕುತ್ತಾ ಕೇಳಿದ್ದೀರಿ. ವರದಿಯಲ್ಲಿ ವೈರಸ್ ‘ಪತ್ತೆಯಾಗಿಲ್ಲ’ ಎಂದಿದ್ದು, ಮಾತ್ರೆ ನಡೆಯುತ್ತಿದ್ದರೆ ದೇಹಸಂಬಂಧದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಯುರೋಪಿನ ಪಾರ್ಟ್‌ನರ್ ಅಧ್ಯಯನಗಳು ಕಾಂಡೋಮ್ ಬಳಸದ ನೂರಾರು ಜೋಡಿಗಳನ್ನು ವರ್ಷಗಟ್ಟಲೆ ನೋಡಿದವು. ಚಿಕಿತ್ಸೆಯಲ್ಲಿದ್ದು ವೈರಸ್ ಅಡಗಿದ್ದ ಸಂಗಾತಿಯಿಂದ ಒಂದು ಸೋಂಕೂ ದಾಟಿರಲಿಲ್ಲ. ಆದರೆ ಆ ಅಭಯ ಸದ್ಯಕ್ಕೆ ನಿಮಗಿಲ್ಲ. ಪತ್ತೆಯಾಗಿಲ್ಲವೆಂಬ ವರದಿ ಮತ್ತೆ ಕೈಗೆ ಬರುವವರೆಗೆ ಕಾಂಡೋಮ್ ಬಳಸಿ. ಊರಿನಲ್ಲಿ ಮಾತ್ರೆ ಮುಗಿದ ಮೇಲೆ ಒಟ್ಟಿಗಿದ್ದಿರಾದರೆ ಅವರೂ ಪರೀಕ್ಷೆ ಮಾಡಿಸಿಕೊಳ್ಳಲಿ.

ನೀವು ಗಮನಿಸದೆ ಬರೆದ ಒಂದು ಸಾಲು ನನಗೆ ಮುಖ್ಯವೆನಿಸಿತು: ಹೊತ್ತುಗೊತ್ತಿಲ್ಲದ ಊಟದಿಂದ ಎದೆಯುರಿ, ಮಲಗುವ ಮುಂಚೆ ಸಿರಪ್. ಆಮ್ಲಪಿತ್ತಕ್ಕೆ ಕುಡಿಯುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಸೇರಿದ ಸಿರಪ್ಪುಗಳು ಡೊಲುಟೆಗ್ರಾವಿರ್ ಮೈಗೆ ಹತ್ತದಂತೆ ಮಾಡುತ್ತವೆ. ಸಿರಪ್‌ಗೆ ಎರಡು ಗಂಟೆ ಮೊದಲು ಇಲ್ಲವೇ ಆರು ಗಂಟೆ ಆದ ಮೇಲೆ ಮಾತ್ರೆ ನುಂಗಬೇಕು. ಎರಡೂ ಒಂದೇ ಮೋರಿಯ ಬಳಿ, ಒಂದೇ ಲೋಟ ನೀರಿನಲ್ಲಿ ಬೇಡ.

ಬೈಗುಳದ ಮಾತು. ತಡವಾಗಿಯಾದರೂ ಬಂದವನನ್ನು ಸಾಲಿನ ಮುಂದೆ ನಿಲ್ಲಿಸಿ ಬೈದರೆ ಮುಂದಿನ ಸಲ ಅವನು ಬರುವುದೇ ಇಲ್ಲ. ಇದು ನನಗೆ ಸಿಟ್ಟು ತರಿಸುತ್ತದೆ. ಆ ಜಾಗಕ್ಕೆ ಕಾಲಿಡಲು ಮನಸ್ಸೇ ಒಪ್ಪದಿದ್ದರೆ ಬೇರೆ ಕೇಂದ್ರಕ್ಕೆ ವರ್ಗ ಕೇಳಬಹುದು. ಮುಂಬೈಯಲ್ಲಿ ಎಆರ್‌ಟಿ ಕೇಂದ್ರ ಒಂದೇ ಅಲ್ಲ. ಮೊದಲು ಯಾರೊಡನಾದರೂ ಮಾತಾಡಬೇಕೆನಿಸಿದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಕರೆ ಮಾಡಿ, ಹಣ ಬೀಳುವುದಿಲ್ಲ. ಮುಂದಿನ ಕೋಲಕ್ಕೆ ಹೊರಡುವ ಮುನ್ನ ದಿನಾಂಕ ತಿಳಿಸಿ, ಹೆಚ್ಚಿನ ತಿಂಗಳ ಮಾತ್ರೆ ಕೇಳಿ. ಚಿಕಿತ್ಸೆಯ ವಿವರ ಬರೆದ ಹಸಿರು ಪುಸ್ತಕ ಚೀಲದಲ್ಲಿರಲಿ. ನಿಮ್ಮೂರ ಕಡೆ ಉಡುಪಿಯಲ್ಲೂ ಎಆರ್‌ಟಿ ಕೇಂದ್ರವಿದೆ, ಪ್ರಯಾಣದಲ್ಲಿ ಸಿಕ್ಕಿಕೊಂಡವರಿಗೆ ಬೇರೆ ಕೇಂದ್ರದಲ್ಲಿ ಮಾತ್ರೆ ಕೊಡುವ ಏರ್ಪಾಡೂ ಇದೆ.

ಈ ಪುಟ ಓದುವ ನಮ್ಮ ಹೋಟೆಲ್ ಮಾಲೀಕರಲ್ಲೂ ಒಂದು ವಿನಂತಿ. ಕೇಂದ್ರ ತೆರೆಯುವ ಹೊತ್ತೂ ನಿಮ್ಮಲ್ಲಿ ಇಡ್ಲಿ, ದೋಸೆಗೆ ಜನ ಮುಗಿಬೀಳುವ ಹೊತ್ತೂ ಒಂದೇ. ಆಸ್ಪತ್ರೆಗೆಂದು ಹುಡುಗ ಅರ್ಧ ದಿನ ಕೇಳಿದರೆ ಕೊಡಿ, ಯಾವ ಕಾಯಿಲೆ ಎಂದು ಕೆದಕಬೇಡಿ. ಎಚ್‌ಐವಿ ಇದೆಯೆಂಬ ಕಾರಣಕ್ಕೆ ಕೆಲಸದಿಂದ ತೆಗೆಯುವ ಭೇದವನ್ನು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಕಾನೂನು ನಿಷೇಧಿಸಿದೆ. ಕಾನೂನಿಗಿಂತ ಮೊದಲು, ಊರಿನಿಂದ ಅವನನ್ನು ಕರೆತಂದವರು ನೀವು.

ಪತ್ರ ಬರೆದವರೇ, ಒಬ್ಬರೇ ಹೋಗಲು ಕಾಲು ಏಳದಿದ್ದರೆ ನಮ್ಮ ಕಚೇರಿಗೆ ಫೋನ್ ಮಾಡಿ. ಹೆಸರು ಹೇಳಬೇಕಾಗಿಲ್ಲ, ಬಿಲ್ ಪುಸ್ತಕದ ಪತ್ರದವನು ಎಂದರೆ ಸಾಕು. ನಿಮ್ಮೊಡನೆ ನಾನೂ ಬಂದು ಸಾಲಿನಲ್ಲಿ ನಿಲ್ಲುತ್ತೇನೆ.