ಓದುಗರ ಪ್ರಶ್ನೆ: ಎಲ್ಲರೂ 'ಸೂಪರ್ ಮಗಾ' ಅಂತಾರೆ, ಆದ್ರೆ ಹಾಡಿನ ಮಾತೇ ಕೇಳ್ಸಲ್ಲ

ಪ್ರಶ್ನೆ: ನಾವು ನಾಲ್ಕು ಜನ ಸೇರಿ ಹೆವಿ ಮೆಟಲ್ ಬ್ಯಾಂಡ್ ಮಾಡ್ಕೊಂಡಿದೀವಿ, ಹಾಡು ಕನ್ನಡದ್ದೇ. ಗಿಟಾರ್ ಡ್ರಾಪ್ ಸಿ ಟ್ಯೂನಿಂಗ್, ಅಂದ್ರೆ ತಂತಿಗಳನ್ನ ಮಾಮೂಲಿಗಿಂತ ತಗ್ಗು ಸ್ವರಕ್ಕೆ ಇಳಿಸಿದೀವಿ. ಫ್ರೆಂಡ್ ಮನೆ ಮಹಡಿ ಮೇಲಿನ ಹತ್ತಡಿ ಹತ್ತಡಿ ರೂಮಲ್ಲಿ ರೆಕಾರ್ಡ್ ಮಾಡಿ ಮಿಕ್ಸೂ (ವಾದ್ಯ, ದನಿ ಎಲ್ಲ ಹದವಾಗಿ ಸೇರಿಸೋದು) ನಾವೇ ಮಾಡಿದ್ವಿ. ಫ್ರೆಂಡ್ಸ್ ಎಲ್ಲ 'ಸೂಪರ್ ಮಗಾ' ಅಂತಾರೆ, ಆದ್ರೆ ಕಾರಲ್ಲಿ ಹಾಕಿದ್ರೆ ಬರೀ ಗುಂ ಗುಂ, ಮೊಬೈಲಲ್ಲಿ ಬೇಸ್ ಗಿಟಾರ್ ಮಾಯ, ಹಾಡೋನು ಏನಂತಾನೆ ಅಂತ ತಿಳಿಯಲ್ಲ. ಫೈಲ್ ಕಳಿಸಿದೀವಿ, ಇದ್ದದ್ದು ಇದ್ದಂಗೆ ಹೇಳ್ರಿ. ಇನ್ನೂ ಯಾರ ಹತ್ರ ಕೇಳ್ಬೇಕು ಅದನ್ನೂ ಹೇಳ್ರಿ.
– ಹೆಸರು ಬೇಡ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ನಾಲ್ಕು ಸಲ ಕೇಳಿದೆ ಕಣ್ರಪ್ಪ, ಎರಡು ಸಲ ಹೆಡ್‌ಫೋನಲ್ಲಿ, ಒಂದು ಸಲ ಕಾರಲ್ಲಿ, ಇನ್ನೊಂದು ಸಲ ಅಡುಗೆಮನೆ ಕಟ್ಟೆ ಮೇಲೆ ಮೊಬೈಲ್ ಇಟ್ಟು. ಮೊದಲ ರಿಫ್ (ಗಿಟಾರಲ್ಲಿ ಮತ್ತೆ ಮತ್ತೆ ಬರೋ ತುಣುಕು) ಚೆನ್ನಾಗೈತೆ, ಡ್ರಮ್ಸ್ ಬಾರಿಸೋ ಹುಡುಗನ ಕೈ ಗಟ್ಟಿ ಐತೆ, ಹಾಡು ನಿಜವಾಗಲೂ ಹಾಡೇ ಆಗೈತೆ, ಅದಕ್ಕೇ ಇಷ್ಟು ಉದ್ದ ಬರೀತಿರೋದು.

ಐದನೇ ಸಲ ನಾನು ಕೇಳಲಿಲ್ಲ, ನಮ್ಮಕ್ಕನಿಗೆ ಕೇಳಿಸ್ದೆ. ಮೆಟಲ್ ಅಂದ್ರೆ ಏನು ಅಂತ ಅವಳಿಗೆ ಗೊತ್ತಿಲ್ಲ. ಕೈಗೆ ಪೆನ್ನು ಪೇಪರ್ ಕೊಟ್ಟು, ಒಂದೇ ಸಲ ಹಾಕ್ತೀನಿ, ಕಿವಿಗೆ ಬಿದ್ದಿದ್ದು ಬರಿ ಅಂದೆ. ನೀವು ಬರೆದಿರೋ ಸಾಲು 'ಹೊತ್ತ ಕತ್ತಿ ಕೆಳಗಿಡಬೇಡ', ಅವಳು ಬರೆದಿದ್ದು 'ಹೋದ ಕತೆ ಕೇಳಬೇಡ'. ಕತ್ತಿ ಹೋಗಿ ಕತೆ ಆಯ್ತು ನೋಡ್ರಿ! ಎಷ್ಟು ಒಳ್ಳೆ ಸಾಲು ಅದು, ನನಗೆ ಬೇಜಾರಾಯ್ತು.

ಯಾಕೆ ಹಿಂಗಾಯ್ತು ಅಂದ್ರೆ, ಕನ್ನಡದಲ್ಲಿ 'ತ್ತ' ಅನ್ನೋವಾಗ ನಾಲಿಗೆ ಹಲ್ಲಿಗೆ ಒತ್ತಿ ಒಂದು ಕ್ಷಣ ಉಸಿರು ನಿಲ್ಲುತ್ತೆ, ಆ ಮೌನಾನೇ ಒತ್ತಕ್ಷರ, ಆ ಮೌನದೊಳಗೆ ನಿಮ್ಮ ಗಿಟಾರ್ ಪೂರ್ತಿ ತುಂಬ್ಕೊಂಡೈತೆ, ಹಂಗಾಗಿ ಒತ್ತು ಕಿವಿಗೆ ಮುಟ್ಟಲ್ಲ. ಅದೂ ಅಲ್ದೆ ವ್ಯಂಜನಗಳು ಸ್ಪಷ್ಟ ಆಗೋದು ಹೆಚ್ಚಾಗಿ 2ರಿಂದ 5 ಕಿಲೋಹರ್ಟ್ಸ್ (ಸೆಕೆಂಡಿಗೆ 2ರಿಂದ 5 ಸಾವಿರ ಕಂಪನ) ನಡುವೆ, ಡಿಸ್ಟಾರ್ಷನ್ ಹಾಕಿದ, ಅಂದ್ರೆ ಬೇಕಂತಲೇ ಶಬ್ದ ಒಡೆಸಿದ ಗಿಟಾರಿನ ಚರಚರ ಶಬ್ದವೂ ಅಲ್ಲೇ ಕೂತಿರುತ್ತೆ. ಹಾಡೋನ ವಾಲ್ಯೂಮ್ ಎಷ್ಟು ಏರಿಸಿದ್ರೂ ಇದು ಸರಿಹೋಗಲ್ಲ. ಅವನು ಹಾಡೋವಷ್ಟು ಹೊತ್ತು ಮಾತ್ರ ಗಿಟಾರಲ್ಲಿ 3 ಕಿಲೋಹರ್ಟ್ಸ್ ಸುತ್ತ ಎರಡು ಮೂರು ಡೆಸಿಬಲ್ ಇಳಿಸ್ರಿ. ಅದಕ್ಕಿಂತ ಒಳ್ಳೇದು ಅಂದ್ರೆ ಮಾತು ಬರೋ ಕಡೆ ರಿಫ್ಫಲ್ಲೇ ಸ್ವಲ್ಪ ಜಾಗ ಬಿಡ್ರಿ, 'ಕತ್ತಿ' ಅನ್ನೋವಾಗ ಗಿಟಾರೂ ಕೈ ಒತ್ತಿ ನಿಲ್ಲಿಸಿದ್ರೆ ಆ ಪದ ಹೊಡೆತದಂಗೆ ಬೀಳುತ್ತೆ.

ಈಗ ಗಿಟಾರ್ ವಿಷಯ, ಇದನ್ನ ಮಾತ್ರ ಮತ್ತೆ ರೆಕಾರ್ಡ್ ಮಾಡ್ಲೇಬೇಕು, ಮಿಕ್ಸಲ್ಲಿ ರಿಪೇರಿ ಆಗಲ್ಲ. ಗೇನ್, ಅಂದ್ರೆ ಶಬ್ದ ಎಷ್ಟು ಒಡೀಬೇಕು ಅನ್ನೋ ಮಟ್ಟ, ವಿಪರೀತ ಆಯ್ತು. ರೂಮಲ್ಲಿ ಒಂದೇ ಗಿಟಾರ್ ಬಾರಿಸೋವಾಗ ಅಷ್ಟು ಗೇನ್ ಖುಷಿ ಕೊಡುತ್ತೆ, ನಾಲ್ಕು ಪದರ ಸೇರಿದ್ಮೇಲೆ ಎಣ್ಣೆಗೆ ಮಿರ್ಚಿ ಬಿಟ್ಟಂಗೆ ಚೊಂಯ್ ಅಂತ ಒಂದೇ ಶಬ್ದ ಆಗುತ್ತೆ. ಈಗಿರೋದರ ಅರ್ಧಕ್ಕೆ ಇಳಿಸ್ರಿ, ಎರಡೇ ಪದರ ಸಾಕು, ಒಂದು ಪೂರ್ತಿ ಎಡಕ್ಕೆ ಇನ್ನೊಂದು ಪೂರ್ತಿ ಬಲಕ್ಕೆ, ಆದ್ರೆ ಎರಡನ್ನೂ ಬೇರೆ ಬೇರೆಯಾಗಿ ಬಾರಿಸ್ಬೇಕು. ನೀವು ಒಂದನ್ನೇ ಕಾಪಿ ಮಾಡಿ ಎರಡೂ ಕಡೆ ಹಾಕಿದೀರಿ ಅನ್ಸುತ್ತೆ, ಹಂಗೆ ಮಾಡಿದ್ರೆ ಅಗಲ ಬರಲ್ಲ, ಶಬ್ದ ನಡುವೇನೇ ಕೂರುತ್ತೆ. ಮೈಕ್ ಸ್ಪೀಕರಿನ ನಟ್ಟನಡುವೆ ಇಡಬೇಡ್ರಿ, ಎರಡು ಬೆರಳು ಪಕ್ಕಕ್ಕೆ ಸರಿಸಿ ಕೇಳ್ರಿ, ಚರಚರ ಅಲ್ಲೇ ಅರ್ಧ ಕಡಿಮೆ.

ಕಾರಿನ ಗುಂ ಗುಂಗೆ ನಿಮ್ಮ ರೂಮೇ ಕಾರಣ. ಹತ್ತಡಿ ಹತ್ತಡಿ, ಬಹುಶಃ ಎತ್ತರವೂ ಹತ್ತಡೀನೇ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, ಮೂರು ಮೀಟರಿನ ಗೋಡೆಗಳ ನಡುವೆ 56 ಹರ್ಟ್ಸ್ ಸುತ್ತಮುತ್ತಲ ತಗ್ಗು ಸ್ವರ ಹೋಗದೆ ಗುಂ ಅಂತ ಉಳಿದುಬಿಡುತ್ತೆ, ಮೂರೂ ಅಳತೆ ಒಂದೇ ಆದ್ರೆ ಮೂರು ಪಟ್ಟು ತೊಂದರೆ. ಮೂಲೇಲಿ ಆ ಸ್ವರ ಉಬ್ಬುತ್ತೆ, ರೂಮಿನ ನಟ್ಟನಡುವೆ ಹೆಚ್ಚುಕಮ್ಮಿ ಕೇಳೋದೇ ಇಲ್ಲ. ನೀವು ನಡುವೆ ಕುರ್ಚಿ ಹಾಕ್ಕೊಂಡು ಕೂತಿದ್ರಿ ಅಲ್ವಾ? ಬೇಸ್ ಸಾಲ್ತಿಲ್ಲ ಅಂತ ಏರಿಸಿದ್ರಿ, ಏರಿಸಿದ್ದು ಕಾರಲ್ಲಿ ಸಿಕ್ತು. ಕುರ್ಚಿ ಮುಂದಿನ ಗೋಡೆಯಿಂದ ನಾಲ್ಕಡಿಗೆ ತನ್ನಿ. ಗೋಡೆಗೆ ಹತ್ತಿ ಗಾದಿ ಒರಗಿಸ್ರಿ, ಒಂದು ಕಾಲಕ್ಕೆ ಹತ್ತಿ ಮಿಲ್ಲುಗಳ ಊರಾಗಿದ್ದ ದಾವಣಗೆರೇಲಿ ಹತ್ತಿಗೇನು ಬರ, ಅದರಿಂದ ಮಾತಿನ ಪ್ರತಿಧ್ವನಿ ಹೋಗುತ್ತೆ, ಆದ್ರೆ 56 ಹರ್ಟ್ಸ್‌ನ ಗಾದಿ ತಡೆಯಲ್ಲ, ಅದಕ್ಕೆ ನಿಮಗೆ ಇಷ್ಟವಾದ ಬ್ಯಾಂಡಿನ ಹಾಡೊಂದನ್ನ ಅದೇ ವಾಲ್ಯೂಮಲ್ಲಿ ಪಕ್ಕದಲ್ಲಿ ಹಾಕಿ ಹೋಲಿಸ್ತಾ ಇರಬೇಕು.

ಮೊಬೈಲಲ್ಲಿ ಬೇಸ್ ಮಾಯ ಆಗೋದು ಸಹಜ. ಡ್ರಾಪ್ ಸೀಲಿ ಬೇಸಿನ ತಳದ ತಂತಿ 33 ಹರ್ಟ್ಸ್ ಹತ್ತಿರ, ಗಿಟಾರಿಂದು 65. ಮೊಬೈಲ್ ಸ್ಪೀಕರ್ ಅಷ್ಟು ಕೆಳಗೆ ಹೋಗೋದೇ ಇಲ್ಲ. ಬೇಸಿಗೂ ಚೂರು ಡಿಸ್ಟಾರ್ಷನ್ ಕೊಟ್ಟು 700ರಿಂದ 1000 ಹರ್ಟ್ಸ್ ಕಡೆ ಸ್ವಲ್ಪ ಎತ್ತಿದ್ರೆ ಕಿವಿ ಉಳಿದಿದ್ದನ್ನ ತಾನೇ ತುಂಬ್ಕೊಳ್ಳುತ್ತೆ. ಗಿಟಾರಲ್ಲಿ 80 ಹರ್ಟ್ಸ್ ಕೆಳಗಿಂದು ತೆಗೀರಿ, ಆ ಜಾಗ ಬೇಸಿಂದು. ಮೆಟಾಲಿಕಾದಂಥ ಬ್ಯಾಂಡಿನ 1988ರ ಆಲ್ಬಮ್ಮಲ್ಲೇ ಬೇಸ್ ಕೇಳ್ಸಲ್ಲ ಅಂತ ಜನ ಇವತ್ತಿಗೂ ಬೈತಾರೆ, ಅದಕ್ಕೆ ಇದನ್ನ ಹಗುರಾಗಿ ತಗೋಬೇಡ್ರಿ.

ಯಾರ ಹತ್ರ ಕೇಳ್ಬೇಕು ಅಂದ್ರಿ. ಫ್ರೆಂಡ್ಸ್‌ಗೆ ನಿಮ್ಮ ಮೇಲೆ ಪ್ರೀತಿ, ಅವರು ಹಾಡಲ್ಲಿ ನಿಮ್ಮನ್ನ ಕೇಳ್ತಾರೆ, ಮಿಕ್ಸ್ ಕೇಳಲ್ಲ. ದುಗ್ಗಮ್ಮನ ಜಾತ್ರೆಗೆ, ಗಣಪತಿಗೆ ಸೌಂಡ್ ಹಾಕೋರ ಹತ್ರ ಹೋಗ್ರಿ, ಯಾವ ಸ್ವರ ಬಯಲಲ್ಲಿ ಕೂಗುತ್ತೆ ಅಂತ ಅವರ ಕಿವಿಗೆ ಗೊತ್ತಿರುತ್ತೆ. ಊರಿಗೆ ನಾಟಕ ಕಂಪನಿ ಬಂದಾಗ ಹಾರ್ಮೋನಿಯಂ ಮೇಷ್ಟ್ರಿಗೆ ಕೇಳಿಸ್ರಿ, ಮಾತು ನುಂಗಿದ್ರೆ ಮೊದಲನೇ ಸಾಲಿಗೇ ಕೈ ಎತ್ತಿ ನಿಲ್ಲಿಸ್ತಾರೆ. 'ಹೆಂಗೈತೆ' ಅಂತ ಮಾತ್ರ ಕೇಳಬೇಡ್ರಿ, ಅದಕ್ಕೆ 'ಚೆನ್ನಾಗೈತೆ' ಅಂತಲೇ ಉತ್ತರ ಬರೋದು. ಸ್ನೇರ್ ಡ್ರಮ್ಮಿನ ಶಬ್ದ ಮುಂದೆ ಐತಾ ಹಿಂದೆ ಐತಾ, ಎಲ್ಲಿ ಕಿವಿ ನೋಯ್ತು, ಎರಡನೇ ಚರಣದ ಮೊದಲ ಸಾಲು ಏನು, ಹಿಂಗೆ ಕೇಳ್ರಿ. ಗೇನ್ ಇಳಿಸಿ ಮತ್ತೆ ಬಾರಿಸಿದ್ಮೇಲೆ ನನಗೂ ಕಳಿಸ್ರಿ, ಅಕ್ಕನ ಪೆನ್ನು ಪೇಪರ್ ರೆಡಿ ಇರುತ್ತೆ.

ಪ್ರಶ್ನೆ: ಗಿಟಾರ್ ರೆಕಾರ್ಡ್ ಮಾಡೋವಾಗ ಹಿಂದೆ 'ಗುಂಯ್' ಅಂತ ಒಂದೇ ಸಮ ಬರುತ್ತೆ. ಕೇಬಲ್ ಬದಲಾಯಿಸಿದ್ರೂ ಹೋಗಲಿಲ್ಲ.
– ಓದುಗ, ಚಿತ್ರದುರ್ಗ

ಉತ್ತರ: ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರೀಲಿ ರೆಕಾರ್ಡ್ ಮಾಡಿ ನೋಡ್ರಿ, ನಿಂತ್ರೆ ಚಾರ್ಜರಿಂದೇ ತೊಂದರೆ. ನಿಲ್ಲದಿದ್ರೆ ಆಂಪ್, ಇಂಟರ್‌ಫೇಸ್ (ಗಿಟಾರನ್ನ ಲ್ಯಾಪ್‌ಟಾಪಿಗೆ ಜೋಡಿಸೋ ಡಬ್ಬಿ) ಎಲ್ಲಾನೂ ಒಂದೇ ಬೋರ್ಡಿಗೆ ಹಾಕ್ರಿ, ಫ್ಯಾನ್ ರೆಗ್ಯುಲೇಟರ್ ಆಫ್ ಮಾಡ್ರಿ, ಗಿಟಾರ್ ಹಿಡ್ಕೊಂಡು ನಿಧಾನಕ್ಕೆ ಒಂದು ಸುತ್ತು ತಿರುಗ್ರಿ, ಎಲ್ಲೋ ಒಂದು ದಿಕ್ಕಿಗೆ ಶಬ್ದ ಕಡಿಮೆ ಆಗುತ್ತೆ, ಹಂಗೇ ಕೂತು ಬಾರಿಸ್ರಿ. ಮನೆಗೆ ಅರ್ಥಿಂಗ್ ಸರಿ ಐತಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸ್ರಿ. ಶಬ್ದ ಹೋಗುತ್ತೆ ಅಂತ ಪ್ಲಗ್ಗಿನ ಮೂರನೇ ಪಿನ್ ಮಾತ್ರ ಯಾವತ್ತೂ ಮುರೀಬೇಡ್ರಿ, ಗಿಟಾರ್ ತಂತಿ ಕಬ್ಬಿಣ, ಅದನ್ನ ಹಿಡಿದಿರೋದು ನಿಮ್ಮ ಕೈ.