ಮದುವೆಯ ಫೋಟೊದಿಂದ ಕತ್ತರಿಸಿದ ಮುಖ ಸಾಕೇ?

ಪ್ರಶ್ನೆ: ಇಪ್ಪತ್ತು ವರ್ಷ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿದ ನಾನು ಈಗ ಜಿಎಸ್‌ಟಿ ಸಲಹೆಗಾರನಾಗಿ ಸ್ವಂತ ಕಚೇರಿ ತೆರೆದಿದ್ದೇನೆ. ಲಿಂಕ್ಡ್‌ಇನ್ ಖಾತೆಗೆ ತಮ್ಮನ ಮದುವೆಯ ಫೋಟೊದಿಂದ ನನ್ನ ಮುಖವನ್ನು ಕತ್ತರಿಸಿ ಹಾಕಿದ್ದು, ಅದು ಶೋಭಿಸುವುದಿಲ್ಲವೆಂದು ಮಗಳು ಆಕ್ಷೇಪಿಸುತ್ತಾಳೆ. ಪಾಸ್‌ಪೋರ್ಟ್ ಅಳತೆಯ ಫೋಟೊ ಸಾಲದೇ? ಸ್ಟುಡಿಯೊದವರು ಮುಖವನ್ನು ‘ಫೇರ್’ ಮಾಡಿಕೊಡುತ್ತೇವೆ ಎನ್ನುತ್ತಾರೆ, ಒಪ್ಪಲೇ?
— ಓದುಗರು, ದಾವಣಗೆರೆ

ಉತ್ತರ: ನಿಮ್ಮ ಮಗಳ ಮಾತು ಸರಿ. ಮದುವೆಯ ಫೋಟೊವನ್ನು ಎಷ್ಟೇ ನಾಜೂಕಾಗಿ ಕತ್ತರಿಸಿದರೂ ಹೆಗಲ ಮೇಲೆ ಯಾರದೋ ಕೈ, ಪಕ್ಕದಲ್ಲಿ ರೇಷ್ಮೆ ಸೀರೆಯ ಅಂಚು ಉಳಿದೇ ಉಳಿಯುತ್ತವೆ. ಪಾಸ್‌ಪೋರ್ಟ್ ಫೋಟೊದ ಉದ್ದೇಶವೇ ಬೇರೆ. ಅಧಿಕಾರಿ ಗುರುತು ಹಿಡಿಯಲೆಂದು ಅದರಲ್ಲಿ ಭಾವವಿಲ್ಲದ ಮುಖವನ್ನೂ ಬಿಳಿ ಹಿನ್ನೆಲೆಯನ್ನೂ ಕೇಳುತ್ತಾರೆ. ತೆರಿಗೆ ನೋಟಿಸ್ ಹಿಡಿದು ಗಾಬರಿಯಿಂದ ಸಲಹೆಗಾರರನ್ನು ಹುಡುಕುವ ವ್ಯಾಪಾರಿಗೆ ಆ ಮುಖವೂ ಇನ್ನೊಂದು ನೋಟಿಸಿನಂತೆಯೇ ಕಂಡೀತು.

ಒಳ್ಳೆಯ ಭಾವಚಿತ್ರಕ್ಕೆ ಕ್ಯಾಮೆರಾದ ಬೆಲೆಗಿಂತ ದೂರ ಮತ್ತು ಬೆಳಕು ಮುಖ್ಯ. ಸೆಲ್ಫಿಯಲ್ಲಿ ಮೂಗು ದಪ್ಪಗೆ, ಕಿವಿಗಳು ಹಿಂದೆ ಸರಿದಂತೆ ಕಾಣುವುದು ಮುಖದ ದೋಷವಲ್ಲ. ಕೈಯಳತೆಯ ದೂರದಲ್ಲಿ ಮೂಗು ಕಿವಿಗಿಂತ ಲೆನ್ಸಿಗೆ ತೀರ ಹತ್ತಿರವಿರುವುದರಿಂದ ಹಾಗಾಗುತ್ತದೆ. ಛಾಯಾಗ್ರಾಹಕರು ದೂರದ ಮುಖವನ್ನೂ ದೊಡ್ಡದಾಗಿ ತೋರಿಸುವ 85 ಮಿ.ಮೀ. ಆಸುಪಾಸಿನ ಲೆನ್ಸ್ ಹಾಕಿಕೊಂಡು ಐದಾರು ಅಡಿ ದೂರ ನಿಲ್ಲುವುದು ಇದೇ ಕಾರಣಕ್ಕೆ. ಮನೆಯಲ್ಲೇ ತೆಗೆಯುವುದಾದರೆ ಮಗಳ ಕೈಗೆ ಮೊಬೈಲ್ ಕೊಟ್ಟು, ಹಿಂಬದಿಯ ಕ್ಯಾಮೆರಾವನ್ನು ಸ್ವಲ್ಪ ಜೂಮ್ ಮಾಡಿಸಿ, ಅಷ್ಟೇ ದೂರದಿಂದ ತೆಗೆಸಿ. ನೆತ್ತಿಯ ಮೇಲಿನ ಟ್ಯೂಬ್‌ಲೈಟ್ ಕಣ್ಣಿನ ಗುಳಿಗಳಲ್ಲಿ ನೆರಳು ತುಂಬುತ್ತದೆ, ಅದನ್ನು ಆರಿಸಿಬಿಡಿ. ನೇರ ಬಿಸಿಲು ಬೀಳದ ದೊಡ್ಡ ಕಿಟಕಿಯ ಕಡೆಗೆ ತುಸು ಓರೆಯಾಗಿ, ಹಿಂದಿನ ಗೋಡೆಯಿಂದ ನಾಲ್ಕಡಿ ಮುಂದೆ ನಿಂತರೆ ನಿಮ್ಮ ಕರಿಗುಡ್ಡೆಯಲ್ಲಿ ಕಿಟಕಿಯ ಪುಟ್ಟ ಬಿಳಿ ಚೌಕವೊಂದು ಹೊಳೆಯುತ್ತದೆ. ಮುಖಕ್ಕೆ ಜೀವ ಬರುವುದು ಅದರಿಂದಲೇ. ಕನ್ನಡಕದಲ್ಲಿ ಬೆಳಕು ಪ್ರತಿಫಲಿಸಿದರೆ ಅದರ ಕಡ್ಡಿಗಳನ್ನು ಕಿವಿಯ ಮೇಲೆ ಒಂದಿಷ್ಟು ಎತ್ತಿಡಿ. ಗಾಜು ಕೆಳಮುಖವಾಗಿ ಹೊಳಪು ತಪ್ಪುತ್ತದೆ.

ಕೋಟು ಕಡ್ಡಾಯವಲ್ಲ. ದಾವಣಗೆರೆಯ ಸೆಕೆಯಲ್ಲಿ ನೀವು ನಿತ್ಯ ತೊಡುವ, ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ಸಾಕು. ಸಣ್ಣ ಚೌಕುಳಿಯದು ಮಾತ್ರ ಬೇಡ, ಪರದೆಯ ಮೇಲೆ ಅದು ಅಲೆಯಲೆಯಾಗಿ ಮಿನುಗುತ್ತದೆ. ಲಿಂಕ್ಡ್‌ಇನ್ ಚಿತ್ರವನ್ನು ವೃತ್ತವಾಗಿ ತೋರಿಸುವುದರಿಂದ ತಲೆಯ ಸುತ್ತ ಜಾಗ ಬಿಟ್ಟಿರಬೇಕು.

‘ಫೇರ್’ ಮಾಡಿಸುವುದಕ್ಕೆ ಖಂಡಿತ ಒಪ್ಪಬೇಡಿ. ನಿನ್ನೆ ಎದ್ದ ಮೊಡವೆಯನ್ನು ಅಳಿಸಲು ಅಡ್ಡಿಯಿಲ್ಲ. ಮೈಬಣ್ಣ, ನರೆ, ಹಣೆಯ ಗೆರೆಗಳು ಇದ್ದಂತೆಯೇ ಇರಲಿ. ಫೋಟೊ ನೋಡಿ ಕಚೇರಿಗೆ ಬಂದವರು ನಿಮ್ಮನ್ನೇ ‘ಸಾಹೇಬ್ರು ಇದ್ದಾರಾ?’ ಎಂದು ಕೇಳುವಂತಾಗಬಾರದು. ಸ್ಟುಡಿಯೊದಲ್ಲಿ ತೆಗೆಸಿದರೆ ಮೂಲ ಪ್ರತಿಯನ್ನೇ ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಬಂದ ಪ್ರತಿ ಕುಗ್ಗಿರುತ್ತದೆ, ಕಚೇರಿಯ ಬೋರ್ಡಿಗೆ ಹಿಗ್ಗಿಸಿದಾಗ ಮಸುಕಾಗುತ್ತದೆ.