ಹಾಯಿಕಂಬದ ಕೆಳಗಿನ ತೊಲೆ ಕುಂಬಾಗಿದೆ, ಎಪಾಕ್ಸಿ ಸುರಿದರೆ ಸಾಕೆ?

ಪ್ರಶ್ನೆ: ಬಾಸ್ಟನ್ ಬಳಿ ವಾಸವಾಗಿದ್ದೇನೆ. 1970ರ ದಶಕದ, 22 ಅಡಿಯ ಫೈಬರ್‌ಗ್ಲಾಸ್ ಹಾಯಿದೋಣಿಯೊಂದನ್ನು ಕೊಂಡೆ. ಹಾಯಿಕಂಬ ನಿಂತಲ್ಲಿ ಡೆಕ್ (ದೋಣಿಯ ಮೇಲ್ಹಾಸು) ತುಸು ಕುಸಿದಿದೆ, ಕ್ಯಾಬಿನ್ ಬಾಗಿಲು ಸಿಕ್ಕಿಹಾಕಿಕೊಳ್ಳುತ್ತಿದೆ. ಕೆಳಗಿನ ಮರದ ತೊಲೆ ಮೆತ್ತಗಾಗಿದೆ. ತೂತು ಕೊರೆದು ಎಪಾಕ್ಸಿ (ಬೆರೆಸಿದ ಮೇಲೆ ಗಟ್ಟಿಯಾಗುವ ಅಂಟು) ಸುರಿಯಬಹುದೇ?

ಉತ್ತರ: ದಯವಿಟ್ಟು ಸುರಿಯಬೇಡಿ. ನೀರು ಕುಡಿದ ಮರಕ್ಕೆ ಎಪಾಕ್ಸಿ ಸರಿಯಾಗಿ ಇಳಿಯುವುದಿಲ್ಲ. ಇಳಿದಲ್ಲಿ ಗಟ್ಟಿಯಾದೀತು, ಆದರೆ ಕೊಳೆತ ನಾರಿನ ಬಲ ಮರಳದು. ಬಿಗಿದ ತಂತಿಗಳು ಕಂಬವನ್ನು ಕೆಳಕ್ಕೆ ಎಳೆಯುವ ಭಾರವೆಲ್ಲ ಈ ತೊಲೆಯ ಮೇಲೇ ಬೀಳುತ್ತದೆ. ಬಾಗಿಲು ಸಿಕ್ಕಿಕೊಳ್ಳುವುದು ಅದಕ್ಕೇ. ಮೊದಲು ಕಂಬವನ್ನು ಇಳಿಸಿ.

ಇದು ಸಮುದ್ರದ ನೀರಿನ ಕೆಲಸವಲ್ಲ. ಉಪ್ಪುನೀರಿನಲ್ಲಿ ಕುಂಬು ತರುವ ಶಿಲೀಂಧ್ರ ಅಷ್ಟಾಗಿ ಬೆಳೆಯದು; ದೋಣಿಯನ್ನು ತಿನ್ನುವುದು ಮಳೆನೀರು. ನಮ್ಮ ಮಲೆನಾಡಿನ ಮನೆಗಳಲ್ಲಿ ಒಡೆದ ಹೆಂಚಿನ ಕೆಳಗೇ ಪಕಾಸು ಹಾಳಾಗುತ್ತದಲ್ಲ, ಹಾಗೆಯೇ ಇಲ್ಲಿ ಕಂಬದ ಬುಡದ ಬೋಲ್ಟ್ ತೂತು, ದೀಪದ ವೈರ್ ಇಳಿದ ತೂತು. ಆ ದಾರಿ ಮುಚ್ಚದೆ ಹೊಸ ಮರ ಹಾಕಿದರೆ ಅದೂ ಕೊಳೆಯುತ್ತದೆ.

ಕೊಳೆತ ಎಲ್ಲಿಯವರೆಗಿದೆ ಎಂದು ತಿಳಿಯಲು ಸಣ್ಣ ಬಿಟ್ ಹಾಕಿ ಅಂಗುಲಕ್ಕೊಂದರಂತೆ ಕೊರೆಯುತ್ತ ಹೋಗಿ, ಹೊರಬರುವ ಹೊಟ್ಟನ್ನು ಅಂಗೈಯಲ್ಲಿ ಉಜ್ಜಿ ನೋಡಿ. ತಿಳಿಬಣ್ಣದ, ಸುರುಳಿಯಾದ ಒಣ ಹೊಟ್ಟು ಬಂದರೆ ಮರ ಗಟ್ಟಿಯಿದೆ. ಕಂದು ಬಣ್ಣದ ಒದ್ದೆ ಹೊಟ್ಟು ಕಾಫಿ ಚರಟದಂತೆ ಬೆರಳಿಗೆ ಅಂಟಿದರೆ ಇನ್ನೂ ಮುಂದಕ್ಕೆ ಹೋಗಬೇಕು. ಗಟ್ಟಿ ಮರ ಸಿಕ್ಕ ಮೇಲೂ ಒಂದು ಗೇಣು ಹೆಚ್ಚಿಗೆ ಕತ್ತರಿಸಿ. ಇಲ್ಲಿ ಜಿಪುಣತನ ಬೇಡ.

ಕತ್ತರಿಸುವ ಮುನ್ನ ಡೆಕ್ಕಿಗೆ ಕೆಳಗಿನಿಂದ ಜಾಕ್ ಕೊಟ್ಟು, ದಿನಕ್ಕೆ ಸ್ವಲ್ಪಸ್ವಲ್ಪವೇ ಎತ್ತಿ. ಒಮ್ಮೆಲೇ ಎತ್ತಿದರೆ ಫೈಬರ್‌ಗ್ಲಾಸ್ ಸೀಳುತ್ತದೆ. ಉಳಿದ ಮರ ಶೇ 15ರಷ್ಟು ತೇವಕ್ಕೆ ಇಳಿಯುವವರೆಗೆ ಒಣಗಲಿ. ನಿಮ್ಮಲ್ಲಿ ಅದಕ್ಕೆ ವಾರಗಳೇ ಬೇಕಾಗಬಹುದು. ತೊಲೆಯನ್ನು ಪೂರ್ತಿ ಬದಲಿಸುವುದೇ ನನ್ನ ಸಲಹೆ: ಡಗ್ಲಸ್ ಫರ್‌ನ ತೆಳು ಹಲಗೆಗಳನ್ನು ಡೆಕ್ಕಿನ ಬಾಗಿಗೆ ಹೊಂದಿಸಿ ಎಪಾಕ್ಸಿಯಲ್ಲಿ ಒಂದರ ಮೇಲೊಂದು ಅಂಟಿಸಿ. ಸಾಗುವಾನಿಯೇ ಬೇಕೆಂದರೆ, ಅದು ಎಣ್ಣೆಯ ಮರ, ಅಂಟಿಸುವ ಮುನ್ನ ಅಸಿಟೋನಿನಿಂದ ಒರೆಸಬೇಕು. ತುಂಡು ಸೇರಿಸುವುದೇ ಆದರೆ ಓರೆ ಜೋಡಣೆಯ ಉದ್ದ ಮರದ ದಪ್ಪದ ಎಂಟು ಪಟ್ಟಾದರೂ ಇರಲಿ.

ಬೋಲ್ಟ್ ತೂತುಗಳನ್ನು ಅಗತ್ಯಕ್ಕಿಂತ ದೊಡ್ಡದಾಗಿ ಕೊರೆದು, ಮಂದವಾಗಿ ಕಲಸಿದ ಎಪಾಕ್ಸಿ ತುಂಬಿ, ಒಣಗಿದ ಮೇಲೆ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಿರಿ. ಆಗ ಬೋಲ್ಟಿನ ಸುತ್ತ ನೀರು ತಡೆಯುವ ಸೀಲಂಟ್ ಸೋತರೂ ನೀರು ಮರವನ್ನು ಮುಟ್ಟದು. ಕಂಬ ಮತ್ತೆ ನಿಲ್ಲಿಸುವ ಮುನ್ನ, ತಂತಿಗಳ ಕೊಂಡಿ ಕೂರುವ ಪ್ಲೈವುಡ್ ಗೋಡೆಯ ಒಂದು ಬೋಲ್ಟನ್ನೂ ಬಿಚ್ಚಿ ನೋಡಿ. ತೂತಿನ ಅಂಚು ಕಪ್ಪಾಗಿದ್ದರೆ ನೀರು ಅಲ್ಲಿಗೂ ಇಳಿದಿದೆ.